ನಾನು ಹೊರದ ಹರಕೆ

ಸಾಯಬೇಕು ಅನ್ನಿಸಿದ ವರ್ಷ ನನಗಿದ್ದ ದೊಡ್ಡ ತೊಡಕೆಂದರೆ, ಸಾಯುವುದಕ್ಕೆ ಒಂದು ಕಾರಣವೂ ಇರಲಿಲ್ಲ. ಹಳೇಬೀಡಿನ ಪಕ್ಕದ ಊರೊಂದರಲ್ಲಿ ನಾನು ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹಾಲು ಅಳೆದು, ನೀರು ಬೆರೆಸಿದವರನ್ನು ಗದರಿಸಿದರೆ ಮುಗಿಯಿತು, ಉಳಿದ ಹೊತ್ತೆಲ್ಲ ನನ್ನದೇ. ಹೊಲದಲ್ಲಿ ರಾಗಿ, ಬದುವಿನ ಮೇಲೆ ನಾಲ್ಕು ತೆಂಗು, ಮನೆಯಲ್ಲಿ ನನಗಿಂತ ಜಾಣೆಯಾದ, ಅರಸೀಕೆರೆ ಕಡೆಯ ಹೆಂಡತಿ. ಮಕ್ಕಳಿಲ್ಲ. ಆ ದುಃಖವನ್ನು ನಾವಿಬ್ಬರೂ ಎಂದೋ ಅತ್ತು ಮುಗಿಸಿದ್ದೆವು. ಹೀಗಿರುವಾಗ ಒಂದು ಬೇಸಿಗೆಯಲ್ಲಿ ನನ್ನೊಳಗೆ ಏನೋ ಆರಿಹೋಯಿತು. ಊಟ ರುಚಿಸಲಿಲ್ಲ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಇನ್ನೊಂದು ದಿನ ಕಳೆಯಬೇಕಲ್ಲ ಎಂದು ಅಳು ಬರುತ್ತಿತ್ತು. ಡೈರಿಯಲ್ಲಿ ಮಾತ್ರ ಹಳೆಯ ಅಭ್ಯಾಸದಿಂದ ನಗುತ್ತಿದ್ದೆ, ತಮಾಷೆ ಮಾಡುತ್ತಿದ್ದೆ. ಯಾರಿಗೂ ಸುಳಿವು ಸಿಗಲಿಲ್ಲ.

ನಮ್ಮ ಕಡೆ ಕಾರಣವಿಲ್ಲದೆ ಸಾಯುವ ಹಾಗಿಲ್ಲ. ಸತ್ತವನು ಹೇಳದೆ ಹೋದರೆ ಊರವರೇ ಕೂತು ಒಂದು ಕಾರಣ ಹುಡುಕುತ್ತಾರೆ, ಹುಡುಕಿದ್ದನ್ನು ತಂದು ಹೆಂಡತಿಯ ತಲೆಗೆ ಕಟ್ಟುತ್ತಾರೆ. ಅದು ನನಗೆ ಬೇಡವಾಗಿತ್ತು. ಯಾರಿಗೂ ಕೆಟ್ಟ ಹೆಸರು ಬಾರದ ಮರ್ಯಾದಸ್ಥ ಸಾವು ಬೇಕಿತ್ತು. ನಮ್ಮಪ್ಪ ಐವತ್ತು ದಾಟುವ ಮೊದಲೇ ಎದೆನೋವಿನಲ್ಲಿ ಹೋದವರು, ದೊಡ್ಡಪ್ಪ ಅವರಿಗಿಂತಲೂ ಅವಸರದವರು. ನನಗಾಗ ನಲವತ್ತೇಳು. ನಮ್ಮ ಮನೆತನದ ಹೃದಯ ಕೈಕೊಡುತ್ತದೆ ಎಂಬ ಪೂರ್ತಿ ನಂಬಿಕೆ ನನಗಿತ್ತು. ಸ್ವಲ್ಪ ದಣಿಸಿದರೆ ಅದು ತಾನಾಗಿ ನಿಲ್ಲುತ್ತದೆ, ಊರು ಪಾಪ ಅನ್ನುತ್ತದೆ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ.

ಊರ ಹಿಂದೆ ಒಂದು ಗುಡ್ಡವಿದೆ. ನೆತ್ತಿಯ ಮೇಲೆ ಅಮ್ಮನ ಗುಡಿ, ಅಲ್ಲಿಯವರೆಗೆ ನೆರಳಿಲ್ಲದ ಕಡಿದಾದ ಮೆಟ್ಟಿಲು. ಬುದ್ಧಿಯಿರುವವರು ಬೆಳಿಗ್ಗೆ ಬಿಸಿಲೇರುವ ಮುಂಚೆ ಹತ್ತಿಳಿಯುತ್ತಾರೆ. ನಾನು ಮಟಮಟ ಮಧ್ಯಾಹ್ನ ಹತ್ತುವುದೆಂದು ತೀರ್ಮಾನಿಸಿದೆ. ಅದಕ್ಕೆ ಮುಂಚೆ ಮನೆಯ ವ್ಯವಸ್ಥೆಯೂ ಆಗಬೇಕಲ್ಲ? ಹೆಂಡತಿಯನ್ನು ಕರೆದು ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಹಾಕುವುದು ಹೇಗೆ, ಕರೆಂಟ್ ಯಾವ ಹೊತ್ತಿಗೆ ಬರುತ್ತದೆ, ಪೈಪು ಎಲ್ಲಿ ಸೋರುತ್ತದೆ ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟೆ. ಅವಳು ತಲೆಯಾಡಿಸಿ ಕಲಿತಳು. ಏನೂ ಕೇಳಲಿಲ್ಲ.

ಮೊದಲ ದಿನ ಅರ್ಧ ಗುಡ್ಡಕ್ಕೇ ಕಣ್ಣು ಕತ್ತಲಿಟ್ಟಿತು. ಎದೆ ಹೊಡೆದುಕೊಳ್ಳುವುದು ಕಿವಿಯಲ್ಲಿ ಕೇಳುತ್ತಿತ್ತು. ಬಂತು ಗಳಿಗೆ ಎಂದು ಬಿಸಿಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿದೆ. ಹತ್ತು ನಿಮಿಷಕ್ಕೆ ಎದೆ ತಣ್ಣಗಾಯಿತು. ಕುಂಡೆ ಮಾತ್ರ ಸುಟ್ಟಿತ್ತು. ಎರಡನೆಯ ದಿನವೂ ಅದೇ ಕಥೆ, ಮೂರನೆಯ ದಿನವೂ ಅದೇ. ಹೃದಯ ಕುಣಿಯುತ್ತಿತ್ತು, ಒದೆಯುತ್ತಿತ್ತು, ಇನ್ನೇನು ಮುಗಿಯಿತು ಅನ್ನಿಸುತ್ತಿತ್ತು. ಆಮೇಲೆ ಏನೂ ಆಗದವರ ಹಾಗೆ ತನ್ನ ಕೆಲಸಕ್ಕೆ ಮರಳುತ್ತಿತ್ತು. ಇಷ್ಟು ವರ್ಷ ನನ್ನ ಅನ್ನ ತಿಂದ ಹೃದಯಕ್ಕೆ ನನ್ನ ಮಾತಿನ ಮೇಲೆ ಕಿಂಚಿತ್ತೂ ಗೌರವವಿರಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಒಂದು ಸುದ್ದಿ ಹಬ್ಬಿತು. ಸೆಕ್ರೆಟರಿ ಗುಡ್ಡದಮ್ಮನಿಗೆ ಹರಕೆ ಹೊತ್ತಿದ್ದಾನೆ, ಅದಕ್ಕೇ ಉರಿಬಿಸಿಲಲ್ಲಿ ಹತ್ತುತ್ತಾನೆ ಎಂದು. ನಮ್ಮಲ್ಲಿ ಹರಕೆ ಹೊತ್ತವನನ್ನು ಏನು ಹರಕೆ ಎಂದು ಯಾರೂ ಕೇಳುವುದಿಲ್ಲ. ಬಾಯಿಬಿಟ್ಟರೆ ಹರಕೆ ಫಲಿಸುವುದಿಲ್ಲವಂತೆ. ಹಾಗಾಗಿ ನನ್ನ ಗುಟ್ಟು ಭದ್ರವಾಗಿತ್ತು. ಆದರೆ ಅದೇ ಊರಿನಲ್ಲಿ ಇನ್ನೊಂದು ರೂಢಿಯೂ ಇದೆ. ಯಾರಾದರೂ ಗುಡಿಗೆ ಹೊರಟರೆ ಹೋಗಲಾಗದವರು ತಮ್ಮ ಕಾಯನ್ನೂ ಅವರ ಕೈಗೆ ಕೊಟ್ಟು ಕಳಿಸುತ್ತಾರೆ. ಐದನೆಯ ದಿನ ಬೆಳಿಗ್ಗೆ ಹಾಲು ಹಾಕಲು ಬಂದ ಮುದುಕಿಯೊಬ್ಬಳು ಕ್ಯಾನಿನ ಪಕ್ಕ ಒಂದು ತೆಂಗಿನಕಾಯಿ ಇಟ್ಟಳು.

"ಸೆಕ್ರೇಟ್ರಿ, ಹೆಂಗೂ ಹತ್ತೀರಲ್ಲ, ನಮ್ದೂ ಒಂದು ಒಡೆಸ್ಕೊಂಡ್ ಬನ್ನಿ. ಮೊಮ್ಮಗಳ ಪರೀಕ್ಷೆ ಐತೆ."

ಮಾರನೆಯ ದಿನ ಮೂರು ಕಾಯಿ ಬಂದವು, ವಾರ ಕಳೆಯುವಷ್ಟರಲ್ಲಿ ಒಂಬತ್ತು. ಒಬ್ಬಳಿಗೆ ಎಮ್ಮೆ ಗಬ್ಬ ನಿಲ್ಲಬೇಕು, ಇನ್ನೊಬ್ಬಳಿಗೆ ಗಂಡ ಕುಡಿಯುವುದು ಬಿಡಬೇಕು. ನಾನು ಚೀಲ ಹೆಗಲಿಗೇರಿಸಿ ಹತ್ತುತ್ತಿದ್ದೆ. ಭಾರ ಹೆಚ್ಚಾಯಿತಲ್ಲ, ಕೆಲಸ ಬೇಗ ಆಗುತ್ತದೆ ಎಂದು ಮೊದಮೊದಲು ಖುಷಿಪಟ್ಟೆ. ಆದರೆ ಒಡೆದ ಹೋಳುಗಳನ್ನು ಸಂಜೆ ಡೈರಿಯಲ್ಲಿ ಅವರವರಿಗೆ ಮುಟ್ಟಿಸಬೇಕಿತ್ತು. ನಡುದಾರಿಯಲ್ಲಿ ಸತ್ತರೆ ಒಂಬತ್ತು ಮನೆಯ ಪ್ರಸಾದ ಬಿಸಿಲಲ್ಲಿ ಹಾಳಾಗುತ್ತದೆ, ನನ್ನ ತಿಥಿಯ ದಿನವೂ ಆ ಹೆಂಗಸರು ಬೈಯುತ್ತಾರೆ! ಹೋಳು ಅದಲುಬದಲಾದರೂ ರಂಪವೇ. "ನಮ್ ಮರದ ಕಾಯಿ ಇಷ್ಟು ಸಣ್ಣಕಿರಲ್ಲ ಕಣ್ರೀ" ಎಂದು ಒಬ್ಬಳು ಹಾಲಿನ ಸಾಲು ನಿಲ್ಲಿಸಿ ಪಂಚಾಯ್ತಿ ಮಾಡಿದಳು. ಅಂದಿನಿಂದ ಕಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಅವರವರ ಹಾಲಿನ ಪುಸ್ತಕದ ನಂಬರು ಬರೆಯತೊಡಗಿದೆ.

ಒಮ್ಮೆ ಆ ಮುದುಕಿಯ ಕಾಯಿ ಒಡೆದಾಗ ಒಳಗೆ ಕೊಳೆತಿತ್ತು. ಗುಡಿಯ ಪೂಜಾರಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೆಟ್ಟ ಕಾಯಿ ಎಂದರೆ ಆ ಮುದುಕಿ ಮೊಮ್ಮಗಳ ಪರೀಕ್ಷೆಯ ದಿನದವರೆಗೂ ನೀರು ಕುಡಿಯುವವಳಲ್ಲ. ಅವತ್ತು ಇನ್ನೊಬ್ಬರ ಹೋಳಿನ ಜೋಡಿಯಲ್ಲಿ ಒಂದನ್ನು ಕದ್ದು ಅವಳಿಗೆ ಕೊಟ್ಟೆ. ಆಮೇಲೆ ನಮ್ಮ ಮರದ್ದೇ ಎರಡು ಕಾಯಿ ಸದಾ ಚೀಲದಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಂಡೆ. ಆ ಬೇಸಿಗೆಯಲ್ಲಿ ನಮ್ಮ ಊರಿನ ಯಾರ ಕೈಗೂ ಕೆಟ್ಟ ಕಾಯಿಯ ಹೋಳು ಬರಲಿಲ್ಲ. ಅಮ್ಮನ ಮಹಿಮೆ ಎಂದು ಎಲ್ಲರೂ ಹೇಳಿಕೊಂಡರು, ಪೂಜಾರಪ್ಪನೂ ಜಪ್ಪಯ್ಯ ಎಂದರೂ ಬಾಯಿಬಿಡಲಿಲ್ಲ.

ತಿಂಗಳು ಕಳೆಯುವ ಹೊತ್ತಿಗೆ ಅಷ್ಟು ಭಾರ ಹೊತ್ತೂ ಎಲ್ಲೂ ಕೂರದೆ ನೆತ್ತಿ ಮುಟ್ಟುತ್ತಿದ್ದೆ. ಹಸಿವು ಬಂತು, ರಾತ್ರಿ ನಾಲ್ಕು ಗಂಟೆ ನಿದ್ದೆಯೂ ಬಂತು. ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ಕಾಲು ಗಟ್ಟಿಯಾಗಿತ್ತು, ಎದೆ ಗಟ್ಟಿಯಾಗಿತ್ತು, ಸಾಯಬೇಕೆನ್ನುವ ಆಸೆಯೂ ಅವುಗಳ ಜೊತೆಗೇ ಗಟ್ಟಿಯಾಗಿ ಕೂತಿತ್ತು.

ಒಂದು ದಿನ ಪೂಜಾರಪ್ಪನ ಮನೆಯಲ್ಲಿ ಸಾವಾಯಿತು. ಸೂತಕವೆಂದು ಗುಡಿಗೆ ಬೀಗ ಬಿತ್ತು. ಅವತ್ತು ಡೈರಿಗೆ ಒಂದು ಕಾಯಿಯೂ ಬರಲಿಲ್ಲ. ಮಧ್ಯಾಹ್ನ ನಾನು ಬರಿಗೈಯಲ್ಲಿ ಹೊರಟೆ. ಕೆಳಗಿಳಿದು ಯಾರಿಗೂ ಏನೂ ಕೊಡಬೇಕಾಗಿಲ್ಲ ಎನ್ನುವುದು ಒಂದೊಂದು ಮೆಟ್ಟಿಲಿಗೂ ಹೆಚ್ಚು ಹೆಚ್ಚು ಸ್ಪಷ್ಟವಾಗತೊಡಗಿತು. ಇವತ್ತು ಹೃದಯವನ್ನು ನಂಬಿ ಕೂರಬಾರದು ಎಂಬ ಯೋಚನೆ ಬಂತು. ಆ ಯೋಚನೆಯಿಂದ ನನಗೆ ಭಯವಾಗಲಿಲ್ಲ, ಸಮಾಧಾನವಾಯಿತು. ಈಗ ನೆನೆದರೆ ಆ ಸಮಾಧಾನಕ್ಕೇ ನನಗೆ ಹೆದರಿಕೆಯಾಗುತ್ತದೆ.

ಮುಕ್ಕಾಲು ಗುಡ್ಡ ಹತ್ತಿದ್ದೆ. ಹಿಂದಿನಿಂದ "ಏನ್ರೀ" ಎಂದು ಯಾರೋ ಕೂಗಿದರು. ತಿರುಗಿದರೆ ಹೆಂಡತಿ. ಮಂಡಿನೋವಿನಿಂದ ಅಟ್ಟದ ಏಣಿಯನ್ನೂ ಹತ್ತದವಳು ಎರಡೂ ಕೈ ನೆಲಕ್ಕೂರಿ ಮೆಟ್ಟಿಲೇರಿ ಬರುತ್ತಿದ್ದಳು. ಮುಖ ಕೆಂಪಡರಿತ್ತು, ಉಸಿರು ಸಿಗುತ್ತಿರಲಿಲ್ಲ. ನಾನು ಓಡಿ ಇಳಿದು ಅವಳನ್ನು ಹಿಡಿದು ಕೂರಿಸಿದೆ. ಅವಳ ಬೆನ್ನ ಮೇಲಿಟ್ಟ ಅಂಗೈಗೆ ಅವಳ ಎದೆಬಡಿತ ತಾಗಿತು. ಒಂದು ತಿಂಗಳಿಂದ ನಿಲ್ಲು ನಿಲ್ಲು ಎಂದು ನನ್ನ ಹೃದಯವನ್ನು ಬೇಡಿದ್ದವನು, ನಿಲ್ಲಬೇಡ, ನಿಲ್ಲಬೇಡ ಎಂದು ಅವಳದನ್ನು ಬೇಡುತ್ತಿದ್ದೆ.

ಉಸಿರು ಸಿಕ್ಕ ಮೇಲೆ, ಊರಲ್ಲಿ ಯಾರೂ ಕೇಳದ್ದನ್ನು ಅವಳು ಕೇಳಿದಳು.

"ಸಾಯಾಕೆ ಹತ್ತಿದ್ರಾ?"

"ಹೂಂ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹದಿನಾರು ವರ್ಷ ಮುಟ್ಟಾಕ್ ಬಿಡದ ಸ್ಟಾಟ್ರು ಕಲಿಸಿಕೊಟ್ರಲ್ಲ, ಅವತ್ತೇ ಗೊತ್ತಾಯ್ತು ನಂಗೆ. ಕೇಳಾಕೆ ಧೈರ್ಯ ಬರ್ಲಿಲ್ಲ. ಕೇಳಿದ್ರೆ ಎಲ್ಲಿ ನಿಜ ಆಗೋಯ್ತದೋ ಅಂತ ಹೆದರ್ಕೊಂಡೆ. ಅದಕ್ಕೇ ಮನೆಮನೆಗೆ ಹೋಗಿ, ನಮ್ಮೋರು ಹರಕೆ ಹೊತ್ತವ್ರೆ, ನಿಮ್ ಕಾಯೂ ಕೊಡಿ ಅಂದೆ. ಬೇರೆಯೋರ ಕಾಯಿ ಕೈಲಿದ್ರೆ ನೀವು ಇಳಿದು ಬಂದೇ ಬತ್ತೀರಿ. ಇವತ್ತು ಸೂತಕ. ಯಾರ್ ಕೊಡ್ತಾರೆ?"

ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು. ನಾನೂ ಅತ್ತೆ. ಕಾರಣ ಏನು ಎಂದು ಅವಳು ಕೇಳುತ್ತಾಳೆಂದು ಕಾದೆ. ಕೊನೆಗೆ ನಾನೇ, ಕಾರಣ ಏನೂ ಇಲ್ಲ ಕಣೇ ಎಂದೆ.

"ಇಲ್ದಿದ್ರೆ ಇಲ್ಲ ಬಿಡಿ. ಜ್ವರ ಬಂದ್ರೆ ಕಾರಣ ಕೇಳ್ಕೊಂಡು ಕೂರ್ತೀವಾ? ನಡೀರಿ, ಡಾಕ್ಟ್ರ ತಾವ ಹೋಗಾಣ" ಎಂದಳು. ನನ್ನ ಅಂಗಿಯ ತುದಿ ಹಿಡಿದುಕೊಂಡೇ ಇಳಿದಳು, ಕೆಳಗೆ ಬರುವವರೆಗೂ ಬಿಡಲಿಲ್ಲ.

ಮಾರನೆಯ ದಿನ ಹಗರೆ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಹಾಸನದಲ್ಲಿ ಮನಸ್ಸಿನ ಡಾಕ್ಟರನ್ನು ಕಂಡೆವು. ಇದು ಕಾಯಿಲೆ, ಇದಕ್ಕೆ ಔಷಧಿ ಇದೆ ಎಂದರು. ಮಾತ್ರೆ ಶುರುಮಾಡುವ ಮೊದಲು ಹೃದಯದ ಪರೀಕ್ಷೆಯನ್ನೂ ಮಾಡಿಸಿದರು. ಕಾಗದ ನೋಡಿ, "ಹೃದಯ ತುಂಬಾ ಚೆನ್ನಾಗಿದೆ, ವ್ಯಾಯಾಮ ಮಾಡ್ತೀರಾ?" ಎಂದರು. ಹೆಂಡತಿ ನನ್ನ ಕಡೆ ನೋಡಿದ ನೋಟಕ್ಕೆ ನಾನು ಮೇಜಿನ ಕೆಳಗೆ ಅಡಗಿಕೊಳ್ಳುವ ಹಾಗಾಯಿತು.

ಮಾತ್ರೆ ಕೆಲಸ ಮಾಡಲು ತಿಂಗಳುಗಳೇ ಹಿಡಿದವು. ಈಗಲೂ ಹೆಂಡತಿ ದಿನಾ ಬೆಳಿಗ್ಗೆ, ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳುವ ದನಿಯಲ್ಲೇ, "ಇವತ್ತು ಸಾಯ್ಬೇಕು ಅನ್ನಿಸ್ತೈತಾ?" ಎಂದು ಕೇಳುತ್ತಾಳೆ. ಪಕ್ಕದ ಮನೆಯವರಿಗೆ ಕೇಳಿಸೀತು ಎಂಬ ನಾಚಿಕೆ ಅವಳಿಗಿಲ್ಲ. ಹೆಚ್ಚಿನ ದಿನ ಇಲ್ಲ ಅನ್ನುತ್ತೇನೆ. ಅಪರೂಪಕ್ಕೆ ಸ್ವಲ್ಪ ಎಂದಾಗ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂರುತ್ತಾಳೆ.

ಕಳೆದ ವಾರ ಅವಳು ಕೇಳುವ ಮೊದಲೇ ನಾನು ಕೇಳಿದೆ. "ನೀನ್ ಹೆಂಗಿದೀಯೇ?"

ಅವಳು ಒಲೆಯ ಉರಿ ಸಣ್ಣ ಮಾಡಿದಳು. "ಹೆದರಿಕೆ ಹೋಗಿಲ್ಲ ಕಣ್ರೀ. ನೀವು ಬರೋದು ಐದ್ ನಿಮಿಷ ತಡ ಆದ್ರೂ ಬಾಗಿಲಿಗೆ ಬಂದು ನಿಂತ್ಕಂತೀನಿ" ಎಂದಳು. ನನ್ನ ಸಾವನ್ನು ನಾನು ಕೆಳಗಿಳಿಸಿ ಬಂದೆ ಎಂದುಕೊಂಡಿದ್ದೆ, ಅದನ್ನು ಅವಳು ಇನ್ನೂ ಹೊತ್ತುಕೊಂಡಿರುವುದು ನನಗೆ ಗೊತ್ತೇ ಇರಲಿಲ್ಲ.

ಅವತ್ತು ಸಂಜೆ ಹಾಲಿನ ಲಾರಿ ತಡವಾಯಿತು. ಕ್ಯಾನುಗಳ ಮಧ್ಯೆ, ಹಾಲು ಹಾಕಲು ಬಂದ ಅಷ್ಟೂ ಜನರೆದುರು ಅವಳಿಗೆ ಫೋನ್ ಹಚ್ಚಿದೆ.

"ಬದುಕಿದೀನಿ ಕಣೇ" ಎಂದೆ. "ಲಾರಿ ಬಂದಿಲ್ಲ, ಅಷ್ಟೇ."