ಆಮೆನ್ ಆದ ಮೇಲಿನ ಮಾತು

ಅಕ್ಕಿಆಲೂರಿನ ದರ್ಜಿ ಎಜ್ರಪ್ಪನಿಗೆ ದೇವರು ಕೊಟ್ಟದ್ದು ಎರಡು: ತಪ್ಪದ ಕತ್ತರಿ ಕೈ, ತುಂಬಿದ ಕಂಠ. ಕತ್ತರಿಯಿಂದ ಹೊಟ್ಟೆ ಹೊರೆದುಕೊಂಡ, ಕಂಠದಿಂದ ಮಾನ ಗಳಿಸಿಕೊಂಡ. ಊರಿನಲ್ಲಿ ಮಿಶನ್ ಸಭೆಯ, ಅಂದರೆ ಪ್ರಾಟೆಸ್ಟಂಟ್ ಕ್ರೈಸ್ತರ, ಮನೆಗಳು ಆರೇ ಆರು. ಅಯ್ಯನವರು ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಉಳಿದ ಆದಿತ್ಯವಾರಗಳಲ್ಲಿ ಸಭೆಯ ಹಿರಿಯನಾದ ಎಜ್ರಪ್ಪನೇ ಮುಂದೆ ನಿಲ್ಲುತ್ತಿದ್ದ. ಪ್ರಾರ್ಥನೆಯಲ್ಲಿ ಯಾರಾದರೂ ಒಂದಕ್ಷರ ನುಂಗಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ಕೆಮ್ಮುತ್ತಿದ್ದ. ಆ ಕೆಮ್ಮಿಗೆ ಅವನ ಹೆಂಡತಿ ಸರೋಜವ್ವನೂ ಅಂಜುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅಕ್ಕಿ ಗಿರಣಿಯ ಎಂಜಿನ್ ನೋಡಿಕೊಳ್ಳಲು ಹರಿಹರದ ಕಡೆಯಿಂದ ಇನ್ನಾಸಪ್ಪ ಎಂಬವನು ಬಂದ. ಜೊತೆಗೆ ಹೆಂಡತಿ ಮತ್ತು ಮುದುಕಿ ತಾಯಿ ಅನ್ನವ್ವ. ಅವರು ರೋಮನ್ ಕಥೋಲಿಕರು. ಊರವರ ಕಣ್ಣಿಗೆ ಏಳು ಮನೆಯವರೂ ಒಂದೇ ಕಿರಿಸ್ತಾನರು; ಎಜ್ರಪ್ಪನ ಕಣ್ಣಿಗೆ ಮಾತ್ರ ಆರು ಬೇರೆ, ಒಂದು ಬೇರೆ.

ಅನ್ನವ್ವನಿಗೆ ಆ ಲೆಕ್ಕ ತಿಳಿಯುತ್ತಿರಲಿಲ್ಲ. ಸಂತೆಯ ದಿನ ದರ್ಜಿಯ ಕಟ್ಟೆಗೆ ಬಂದು ಕುಳಿತು, ಜಪಮಣಿ ಎಣಿಸುತ್ತಲೇ ಅವನನ್ನು ಕಾಡುತ್ತಿದ್ದಳು.

"ಏ ಎಜ್ರಾ, ನಿಮ್ಮ ಪ್ರಾರ್ಥನಿ ಮನಿ ಇಣಕಿ ನೋಡಿದ್ನೆಪಾ. ಒಂದು ಪಟಾ ಇಲ್ಲ, ಒಂದು ಮೇಣಬತ್ತಿ ಇಲ್ಲ. ಮದುವಿ ಮುಗದ ಮರುದಿನದ ಹಂದರ ಇದ್ದಂಗ ಐತಿ."

"ನಿಮ್ಮದು ಬಳಿಗಾರನ ಅಂಗಡಿ ಇದ್ದಂಗ ಇರ್ತೈತಲ್ಲ ಬೇ, ಅದಕ್ಕೇನಂತಿ?"

"ಬಳಿಗಾರನ ಅಂಗಡಿಗೆ ಮಂದಿ ಬರ್ತಾರ ತಮ್ಮಾ!"

ಇಬ್ಬರೂ ನಗುತ್ತಿದ್ದರು. ಕ್ರಿಸ್ಮಸ್ಸಿಗೆ ಸರೋಜವ್ವನ ಕರ್ಚಿಕಾಯಿ ಆ ಮನೆಗೆ ಹೋದರೆ ಆ ಮನೆಯ ಡಬ್ಬಿಯೂ ಬರಿದಾಗಿ ಮರಳುತ್ತಿರಲಿಲ್ಲ. ಆದರೆ ಎರಡೂ ಕಡೆಯವರು ಒಂದೆಡೆ ನಿಂತು ಪ್ರಾರ್ಥಿಸಿದ್ದು ಒಮ್ಮೆಯೂ ಇಲ್ಲ.

ನಲವತ್ತೊಂದರ ಆಷಾಢದಲ್ಲಿ ಅನ್ನವ್ವ ತೀರಿಕೊಂಡಳು. ವರದಾ ನದಿ ದಡ ಮೀರಿ ಹರಿಯುತ್ತಿತ್ತು, ದೋಣಿ ನಿಂತಿತ್ತು. ಅವರ ಪಾದ್ರಿಗಳು ಬರುವಂತಿರಲಿಲ್ಲ. ಬೆಳಗಾಗುತ್ತಲೇ ಇನ್ನಾಸಪ್ಪ ದರ್ಜಿಯ ಬಾಗಿಲಿಗೆ ಬಂದು ನಿಂತ.

"ಅವ್ವನ್ನ ನಿಮ್ಮ ಸಭಾದ ಜಾಗಾದಾಗ ಮಣ್ಣು ಮಾಡಾಕ ಕೊಡ್ರಿ. ನೀವೂ ಬಂದು ನಿಲ್ರಿ. ಪರಲೋಕ ಮಂತ್ರ ಇಬ್ಬರಿಗೂ ಬರ್ತೈತಿ, ಕೂಡೇ ಹೇಳೂಣು."

"ಮಂತ್ರ ಅಲ್ಲೋ ಮಾರಾಯಾ, ಕರ್ತನ ಪ್ರಾರ್ಥನಿ" ಎಂದು ತಿದ್ದಿಯೇ ಎಜ್ರಪ್ಪ ಒಪ್ಪಿಕೊಂಡ. ಯೇಸು ಕಲಿಸಿದ ಆ ಒಂದೇ ಪ್ರಾರ್ಥನೆಗೆ ಎರಡು ಕಡೆ ಎರಡು ಹೆಸರು.

ಮಧ್ಯಾಹ್ನ ಏಳೂ ಮನೆಯವರು ಗುಂಡಿಯ ಸುತ್ತ ನೆರೆದರು. ಪ್ರಾರ್ಥನೆ ಆರಂಭವಾಯಿತು. ಶಬ್ದಗಳು ಅಲ್ಲಲ್ಲಿ ಬೇರೆಯಾದರೂ ಧ್ವನಿ ಒಂದಾಗಿ ಹೊರಟಿತು. ಸರೋಜವ್ವನ ಕಣ್ಣು ತುಂಬಿ ಬಂದವು. "ಕೇಡಿನಿಂದ ತಪ್ಪಿಸು" ಎಂಬಲ್ಲಿಗೆ ಬಂದಾಗ ಇನ್ನಾಸಪ್ಪ, ಅವನ ಹೆಂಡತಿ "ಆಮೆನ್" ಎಂದು ಶಿಲುಬೆಯ ಗುರುತು ಮಾಡಿಕೊಂಡರು. ಅವರ ಪ್ರಾರ್ಥನೆ ಮುಗಿಯುವುದೇ ಅಲ್ಲಿಗೆ. ಮಿಶನ್ ಸಭೆಯವರಿಗೆ ಇನ್ನೂ ಒಂದು ಸಾಲು ಉಂಟು.

ಎಜ್ರಪ್ಪ ಆ ಸಾಲನ್ನು ಮೆಲ್ಲಗೆ ಹೇಳಿ ಮುಗಿಸಬಹುದಾಗಿತ್ತು. ತನ್ನವರು ತನ್ನ ಮುಖ ನೋಡುತ್ತಿರುವುದು ಅವನಿಗೆ ತಿಳಿಯಿತು. ಎದೆ ಸೆಟೆಸಿ, "ಯಾಕಂದರೆ ರಾಜ್ಯವೂ ಬಲವೂ ಮಹಿಮೆಯೂ" ಎಂದು ಗಂಟೆ ಹೊಡೆದಂತೆ ಎತ್ತಿದ. ಆರು ಮನೆಯವರೂ ದನಿಗೂಡಿಸಿದರು. ಮುಗಿದ ಮೇಲೆ ಇನ್ನಾಸಪ್ಪನ ಕಡೆ ತಿರುಗಿ, "ಅರ್ಧಕ್ಕ ಬಿಟ್ರ ಹೆಂಗೋ? ಪೂರ್ತಿ ಕಲೀರಿ" ಎಂದ.

ಇನ್ನಾಸಪ್ಪನ ಮುಷ್ಟಿಯಲ್ಲಿ ತಾಯಿಗೆ ಹಾಕುವ ಮಣ್ಣಿತ್ತು. ಅವನು ಬಗ್ಗಿ ಅದನ್ನು ಹಾಕಿದ.

ಮನೆಗೆ ಬಂದು ಕಾಲು ತೊಳೆಯುವಾಗ ಸರೋಜವ್ವ ಹೇಳಿದ್ದು ಒಂದೇ ಮಾತು: "ಸತ್ತವರ ಮುಂದ ಗೆದ್ದು ಬಂದ್ರಿ ನೋಡ್ರಿ."

ಅಂದಿನಿಂದ ಡಬ್ಬಿಗಳ ಓಡಾಟ ನಿಂತಿತು. ಇನ್ನಾಸಪ್ಪ ಗಿರಣಿಗೆ ಹಿಂದಿನ ಓಣಿಯಿಂದ ಹೋಗತೊಡಗಿದ. ಎಜ್ರಪ್ಪನ ಗೂಟಕ್ಕೆ ಅನ್ನವ್ವನ ಕುಪ್ಪಸದ ಅರಿವೆ ಇನ್ನೂ ತೂಗುತ್ತಿತ್ತು. ಅಳತೆ ತೆಗೆದುಕೊಂಡದ್ದು, ಹೊಲಿದದ್ದಿಲ್ಲ. ಅದನ್ನು ಮರಳಿಸಲೆಂದು ಮೂರು ಸಲ ಅವರ ಬಾಗಿಲವರೆಗೂ ಹೋದ, ಮೂರು ಸಲವೂ ಚಿಲಕ ಮುಟ್ಟದೆ ತಿರುಗಿದ. ಆದಿತ್ಯವಾರ ಆ ಸಾಲು ಬಂದಾಗ ಅವನೇ ಎರಡಕ್ಷರ ನುಂಗಿದ. ಹಿಂದಿನಿಂದ ಯಾರೋ ಕೆಮ್ಮಿದರು. ಅವನ ಕಿವಿ ಬೆಂಕಿಯಾದವು.

ತಿಂಗಳು ತುಂಬುತ್ತ ಬಂದಾಗ ತಡೆಯಲಾರದೆ ನಡುಹಗಲಲ್ಲೇ ಗಿರಣಿಗೆ ಹೋದ. ಎಂಜಿನ್ನು ಗುಡುಗುಡು ಎನ್ನುತ್ತಿತ್ತು.

"ನಂದು ತಪ್ಪಾತೋ!" ಎಂದ.

ಇನ್ನಾಸಪ್ಪ ಕಿವಿಗೆ ಕೈ ಹಚ್ಚಿ, "ಏನಂದ್ರಿ?" ಎಂದ.

"ತಪ್ಪಾತು ಅಂದೆ!"

"ತೌಡಾ? ತೌಡು ಆ ಕಡೆ ಕೊಡ್ತಾರ್ರಿ!"

ಎಜ್ರಪ್ಪ ತನ್ನ ಕಂಠವನ್ನೆಲ್ಲ ಸೇರಿಸಿ ಕೂಗಿದ. ಅದೇ ಗಳಿಗೆಗೆ ಇನ್ನಾಸಪ್ಪ ಎಂಜಿನ್ ನಿಲ್ಲಿಸಿದ್ದ. "ನಿಮ್ಮವ್ವನ ಮಣ್ಣಿನ ಮುಂದ ನಾ ಸೊಕ್ಕು ಮಾಡಿದೆ!" ಎಂಬುದು ತಗಡಿನ ಮಾಳಿಗೆಗೆ ಬಡಿದು ಇಡೀ ಗಿರಣಿಗೆ ಕೇಳಿಸಿತು. ಚೀಲ ಹೊತ್ತವರು ಹೊತ್ತಂತೆಯೇ ನಿಂತರು.

"ಇನ್ನೊಮ್ಮೆ ಹೇಳ್ರಿ ದರ್ಜೇರ, ಹಾನಗಲ್ಲಿನವರಿಗೆ ಕೇಳಿಲ್ಲಂತ" ಎಂದ ಹಮಾಲ ಬಂದೇಸಾಬ. ಎಲ್ಲರೂ ಗೊಳ್ಳೆಂದು ನಕ್ಕರು.

ಇನ್ನಾಸಪ್ಪ ನಗಲಿಲ್ಲ. ಎಣ್ಣೆಯ ಕೈ ಒರೆಸಿಕೊಳ್ಳುತ್ತ, "ನನಗ್ಯಾಕ ಹೇಳ್ತೀರಿ? ಅವ್ವಗ ಹೇಳ್ರಿ. ನಾಡದು ಮೂವತ್ತನೇ ದಿನ. ಬರೂದಾದ್ರ ಬರ್ರಿ" ಎಂದ.

ಮೂವತ್ತನೇ ದಿನ ಅನ್ನವ್ವನ ಸಮಾಧಿಯ ಬಳಿ ಎಜ್ರಪ್ಪ ಎಲ್ಲರ ಹಿಂದೆ ನಿಂತ. "ಅವರು ನಿಲ್ಲಿಸಿದಲ್ಲೇ ನಿಲ್ಲಿಸಬೇಕು" ಎಂದು ದಾರಿಯುದ್ದಕ್ಕೂ ತನ್ನವರಿಗೆ ಹೇಳಿಕೊಂಡು ಬಂದಿದ್ದ. ಪ್ರಾರ್ಥನೆ ಆ ಜಾಗಕ್ಕೆ ಬಂದಿತು. "ಆಮೆನ್" ಆಯಿತು. ಉಳಿದವರೆಲ್ಲ ಅಲ್ಲಿಗೇ ನಿಲ್ಲಿಸಿದರು. ಆದರೆ ನಲವತ್ತು ವರ್ಷದ ರೂಢಿ ನೋಡಿರಿ, ಎಜ್ರಪ್ಪನ ನಾಲಗೆ ಒಂದೇ ತಾನಾಗಿ ಮುಂದೆ ಹೋಯಿತು: "ಯಾಕಂದರೆ ರಾಜ್ಯವೂ..." ಬೆಚ್ಚಿಬಿದ್ದು ಬಾಯಿಗೆ ಕೈ ಅಡ್ಡ ಹಿಡಿದ. ನೆಲ ಬಾಯ್ದೆರೆಯಬಾರದೇ ಎನಿಸಿತು.

ಇನ್ನಾಸಪ್ಪ ತಿರುಗಿ ನೋಡಲಿಲ್ಲ. "ನಡುವ ನಿಲ್ಲಸಬ್ಯಾಡ್ರಿ. ಹೇಳಿ ಮುಗಸ್ರಿ. ನಾವು ಕಾಯ್ತೇವಿ" ಎಂದ.

ಎಜ್ರಪ್ಪ ಹೇಳಿದ. ಕಂಠ ಎಲ್ಲಿ ಹೋಗಿತ್ತೋ, "ಮಹಿಮೆಯೂ" ಎಂಬುದು ಅವನ ಗಡ್ಡ ದಾಟಲಿಲ್ಲ. ಅಷ್ಟು ಹೊತ್ತೂ ಇನ್ನಾಸಪ್ಪ, ಅವನ ಹೆಂಡತಿ ತಲೆ ತಗ್ಗಿಸಿ ನಿಂತಿದ್ದು, ಕೊನೆಗೆ ಎಲ್ಲರೊಡನೆ ಇನ್ನೊಮ್ಮೆ "ಆಮೆನ್" ಎಂದರು.

ಆಮೇಲೆ ಅದೇ ಪದ್ಧತಿಯಾಯಿತು. ಏಳು ಮನೆಗಳಲ್ಲಿ ಎಲ್ಲಿ ಸಾವು ನೋವಾದರೂ ಎರಡು ಕಡೆಯವರೂ ಸೇರುವರು. ಒಬ್ಬರು ಮುಗಿಸಿ ಕಾಯುವರು, ಇನ್ನೊಬ್ಬರು ಮೆಲ್ಲಗೆ ಮುಗಿಸುವರು. ನಲವತ್ತಾರರಲ್ಲಿ ಶಿಗ್ಗಾಂವಿಯ ಕಡೆಯಿಂದ ಬಂದ ಹೊಸ ಅಯ್ಯನವರು ಇದನ್ನು ಕಂಡು, "ಎರಡು ಸಲ ಆಮೆನ್ ಯಾಕ್ರಿ ಹಿರಿಯರ?" ಎಂದು ಎಜ್ರಪ್ಪನನ್ನೇ ಕೇಳಿದರು. ಯಾವ ಪ್ರಶ್ನೆಗೂ ಉತ್ತರವಿದ್ದ ಮನುಷ್ಯ ಮುಖ ಕೆಂಪಗೆ ಮಾಡಿಕೊಂಡು ತಲೆ ತಗ್ಗಿಸಿದ.

ಪಕ್ಕದಲ್ಲಿದ್ದ ಇನ್ನಾಸಪ್ಪ ಮುಂದೆ ಬಂದ. "ನಮ್ಮೂರಾಗ ಒಂದು ಸಲಕ್ಕ ಸಾಲೂದಿಲ್ರಿ, ಅಯ್ಯಾರ" ಎಂದ. ಎಜ್ರಪ್ಪ ತಲೆ ಎತ್ತಲಿಲ್ಲ.