ರೇಣು ಅಳೆದ ಜೋಕಾಲಿ

ರೇಣುವಿನಿಂದಾಗಿ ನಾನು ತಪ್ಪಿಸಿಕೊಂಡ ಬಸ್ಸುಗಳಿಗೆ ಲೆಕ್ಕವಿಲ್ಲ. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಸಂಜೆ ತರಗತಿ ಮುಗಿದು ಎಲ್ಲರೂ ಚೀಲ ಹೆಗಲಿಗೇರಿಸಿದ ಮೇಲೂ ಅವಳದೊಂದು ಪ್ರಶ್ನೆ ಉಳಿದೇ ಇರುತ್ತಿತ್ತು. ಭೌತಶಾಸ್ತ್ರ ಕಲಿಸುವ ಗುರುನಾಥ ಸರ್ ಬಾಗಿಲಲ್ಲೇ ನಿಂತು ಉತ್ತರ ಕೊಡುತ್ತಿದ್ದರು. ಆ ಉತ್ತರದ ಬೆನ್ನಿಗೇ ಅವಳ "ಯಾಕ್ರಿ ಸರ?" ಬರುತ್ತಿತ್ತು.

"ನೀ ನಿನ್ನ ಮದುವ್ಯಾಗೂ ಅಕ್ಕಿಕಾಳು ನೆಟ್ಟಗ ಯಾಕ ಬೀಳಲಿಲ್ಲ ಅಂತ ಕೇಳಾಕಿ ನೋಡು," ಎಂದು ಸರ್ ನಗುತ್ತಿದ್ದರು. "ಉತ್ತರ ಬಂದ ಮ್ಯಾಲ ತಾಳಿ ಕಟ್ಟಿಸ್ಕೊಳ್ಳಾಕಿ."

ಅವಳ ಊರು ಕಿತ್ತೂರಿನ ಹತ್ತಿರದ ದೇಗಾಂವ. ಅಪ್ಪ ಅರ್ಜುನ ಕಿತ್ತೂರಿನಲ್ಲಿ ಸುಟ್ಟುಹೋದ ಪಂಪಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾರೆ. ಅವ್ವ ಶೆಟ್ಟೆವ್ವ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ರೇಣು ಕಮಲನಾರಾಯಣ ಗುಡಿಯ ಕಂಬಗಳ ಸುತ್ತ ಮುಟ್ಟಾಟ ಆಡುತ್ತ ಬೆಳೆದವಳು. ಎತ್ತರ ಕಡಿಮೆ, ದನಿ ಅದಕ್ಕಿಂತ ಕಡಿಮೆ. ಮಾತಾಡುವಾಗ ಎದುರಿನವರ ಮುಖವನ್ನಲ್ಲ, ಅವರ ಕೈಗಳನ್ನು ನೋಡುತ್ತಾಳೆ. ಅವಳನ್ನು ಜಂಬದವಳು ಎಂದುಕೊಂಡವರೂ ನಮ್ಮ ತರಗತಿಯಲ್ಲಿ ಇದ್ದರು. ಅವಳು ಕೇಳುವುದು ತನ್ನನ್ನು ತೋರಿಸಿಕೊಳ್ಳಲು ಅಲ್ಲ, ನಿಜವಾಗಿಯೂ ಗೊತ್ತಿಲ್ಲದ್ದಕ್ಕೆ ಎಂಬುದು ತಿಳಿಯಲು ನನಗೂ ಒಂದು ವರ್ಷ ಹಿಡಿಯಿತು.

ಕೊನೆಯ ವರ್ಷದಲ್ಲಿ ನಮಗೆಲ್ಲ ಇಂಟರ್ನ್‌ಶಿಪ್ ಇತ್ತು. ಕೆಲವರು ಸವದತ್ತಿಯ ಕಚೇರಿಗಳಿಗೆ ಹೋದರು, ಕೆಲವರು ಬ್ಯಾಂಕುಗಳಿಗೆ. ರೇಣು ಮತ್ತು ನಾನು ನೇಸರಗಿಯ ಒಂದು ಪ್ರೌಢಶಾಲೆಯನ್ನು ಆರಿಸಿಕೊಂಡೆವು. ವಿಜ್ಞಾನದ ಶಿಕ್ಷಕರಿಗೆ ನೆರವಾಗುವುದು, ಮಕ್ಕಳು ಭೌತಶಾಸ್ತ್ರವನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂದು ಒಂದು ಸಣ್ಣ ಅಧ್ಯಯನ ಮಾಡುವುದು ನಮ್ಮ ಕೆಲಸ. ಶಾಲೆಯ ಹಿಂದೆ ಗೋವಿನಜೋಳದ ಹೊಲ. ಗಾಳಿ ಬೀಸಿದಾಗ ಅದರ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು, ಯಾರೋ ಪುಟ ತಿರುವಿ ಹಾಕಿದ ಹಾಗೆ.

ರೇಣು ಎಂಟನೆಯ ತರಗತಿಗೆ ಒಂದು ಪ್ರಶ್ನೆಪತ್ರಿಕೆ ಮಾಡಿದಳು. ಅದರ ಮುಖ್ಯ ಪ್ರಶ್ನೆ ಲೋಲಕದ್ದು. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟರೆ ಅದು ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು ದಾರದ ಉದ್ದದ ಮೇಲೆ ನಿಂತಿರುತ್ತದೆ, ಗುಂಡಿನ ತೂಕದ ಮೇಲಲ್ಲ. ಇದನ್ನು ಕೇಳಲು ಒಂದು ಇಂಗ್ಲಿಷ್ ಪುಸ್ತಕದಿಂದ ಪ್ರಶ್ನೆ ತೆಗೆದುಕೊಂಡು ಕನ್ನಡಕ್ಕೆ ತಂದಳು. ಅಲ್ಲಿ ಒಂದು ಚಿತ್ರವಿತ್ತು. ಉದ್ಯಾನದ ಉಯ್ಯಾಲೆಯ ಹಲಗೆಯ ಮೇಲೆ ಇಬ್ಬರು ಮಕ್ಕಳು ಒತ್ತಿ ಕೂತಿದ್ದರು. ಶಾಲೆಯ ಝೆರಾಕ್ಸ್ ಯಂತ್ರದಲ್ಲಿ ಚಿತ್ರ ಕಪ್ಪಾಗಿ ಬರುತ್ತಿದ್ದುದರಿಂದ ಅದನ್ನು ಬಿಟ್ಟಳು. ಮಕ್ಕಳಿಗೆ ಹತ್ತಿರವಾಗಲಿ ಎಂದು ಉಯ್ಯಾಲೆಯನ್ನು ನಾಗರ ಪಂಚಮಿಯ ಜೋಕಾಲಿ ಮಾಡಿದಳು. ಜೋಕಾಲಿಯಲ್ಲಿ ಒಬ್ಬಳಿದ್ದಾಗ ಬೇಗ ಹೋಗಿ ಬರುತ್ತದೋ, ಇಬ್ಬರಿದ್ದಾಗಲೋ, ಎರಡೂ ಸಲ ಒಂದೇ ಹೊತ್ತು ಹಿಡಿಯುತ್ತದೋ? ಸರಿ ಉತ್ತರ, ಒಂದೇ ಹೊತ್ತು.

ಹೆಚ್ಚುಕಡಿಮೆ ಇಡೀ ತರಗತಿ ಇಬ್ಬರಿದ್ದಾಗ ಬೇಗ ಎಂದು ಬರೆದಿತ್ತು.

ಗುರುನಾಥ ಸರ್‌ಗೆ ಹಿಡಿಸಲಾರದಷ್ಟು ಖುಷಿ. "ಪ್ರಬಂಧ ಅಂದ್ರ ಇದವ್ವಾ," ಎಂದರು. 'ಗ್ರಾಮೀಣ ಮಕ್ಕಳಲ್ಲಿ ಲೋಲಕದ ಬಗೆಗಿನ ತಪ್ಪು ಕಲ್ಪನೆಗಳು' ಎಂಬ ಹೆಸರಿನಲ್ಲಿ ರೇಣು ಅದನ್ನು ಬರೆದು ಧಾರವಾಡದಲ್ಲಿ ನಡೆಯಲಿದ್ದ ಭೌತಶಾಸ್ತ್ರ ಬೋಧನೆಯ ಸಮಾವೇಶಕ್ಕೆ ಕಳಿಸಿದಳು. ಒಪ್ಪಿಗೆ ಬಂತು. ಸಮಾವೇಶದ ಪುಸ್ತಿಕೆಯಲ್ಲಿ ಅದರ ಸಾರಾಂಶ ಅಚ್ಚಾಯಿತು. ನಮ್ಮ ಕಾಲೇಜಿನಿಂದ ಅಂಥ ಕಡೆ ಯಾರೂ ಹೋಗಿರಲಿಲ್ಲ. ಒಳ್ಳೆಯ ಪ್ರಬಂಧ ಓದಿದ ಒಬ್ಬ ವಿದ್ಯಾರ್ಥಿಗೆ ಮುಂದಿನ ಬೇಸಿಗೆಯಲ್ಲಿ ದೊಡ್ಡದೊಂದು ಪ್ರಯೋಗಶಾಲೆಯಲ್ಲಿ ತರಬೇತಿ ಕೊಡುವವರಿದ್ದರು. ರೇಣು ತನಗೆ ಏನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲ ಸಲ. ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತ, "ಅದು ಸಿಕ್ರ ಛಲೋ ಆಕ್ಕಿತ್ತು, ಮೀನಾ," ಎಂದಿದ್ದಳು.

ಸಮಾವೇಶ ಆ ವಾರದಲ್ಲೇ ಇದ್ದಾಗ ಅವಳಿಗೊಂದು ಅನುಮಾನ ಹತ್ತಿತು.

"ಎಲ್ಲಾರೂ ಒಂದ ತಪ್ಪ ಹೆಂಗ ಮಾಡತಾರ?" ಎಂದಳು. "ತಪ್ಪಂದ್ರ ಒಬ್ಬೊಬ್ರದು ಒಂದೊಂದ ಥರಾ ಇರಬೇಕು. ಯಾಕ ಹಂಗ ಬರದ್ರಿ ಅಂತ ನಾವು ಕೇಳೇ ಇಲ್ಲ."

"ಈಗ ಕೇಳಿ ಏನ್ ಮಾಡ್ತಿ? ಅಚ್ಚಾಗೇತಿ," ಎಂದೆ.

ಮರುದಿನ ಇಬ್ಬರೂ ನೇಸರಗಿಯಲ್ಲಿದ್ದೆವು. ರೇಣು ಮುಂದಿನ ಬೆಂಚಿನ ಉಮಾಶ್ರೀ ಎಂಬ ಹುಡುಗಿಯನ್ನು ಎಬ್ಬಿಸಿದಳು.

"ಜೋಕಾಲ್ಯಾಗ ಇಬ್ರು ಕುಂತ್ರ ಲಗೂನ ಬರತೈತಿ ಅಂತ ಬರದಿ. ಯಾಕ?"

ಉಮಾಶ್ರೀಗೆ ಪ್ರಶ್ನೆಯೇ ತಿಳಿಯಲಿಲ್ಲ. "ಇಬ್ರು ಕುಂಡರೂದೆಲ್ಲಿ ಬಂತ್ರಿ ಅಕ್ಕಾರ? ಒಬ್ಬಾಕಿ ಇದ್ರ ಕುಂಡರತಾಳ. ಇಬ್ರಾದ್ರ ನಿಂದರಬೇಕ್ರಿ. ಎದರಾಬದರಾ ನಿಂತು ಜೀಕಬೇಕು."

"ಅಕ್ಕಾರು ಜೋಕಾಲಿ ಆಡೇ ಇಲ್ಲ ಕಾಣತೈತಿ," ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ತರಗತಿ ನಕ್ಕಿತು.

ರೇಣು ನಗಲಿಲ್ಲ. ದೇಗಾಂವದಲ್ಲಿ ಪ್ರತಿ ಪಂಚಮಿಗೂ ಅವಳು ಚಿಗವ್ವನ ಎದುರು ನಿಂತು, ಕಾಲ್ಬೆರಳಿಗೆ ಕಾಲ್ಬೆರಳು ತಾಗಿಸಿ ಜೀಕಿದವಳು. ಉಂಡಿ ತಿಂದು, ಸೆರಗು ಬಿಗಿದು, ಒಬ್ಬಳು ಬಗ್ಗಿದರೆ ಇನ್ನೊಬ್ಬಳು ಏಳುವ ಆ ಆಟ ಅವಳ ಮೊಣಕಾಲಿಗೆ ಗೊತ್ತಿತ್ತು. ಪ್ರಶ್ನೆ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಮಾತ್ರ ಆ ಪುಸ್ತಕದ ಚಿತ್ರ.

ಶಾಲೆ ಬಿಟ್ಟ ಮೇಲೆ ನಾವು ಉಮಾಶ್ರೀಯ ಮನೆಗೆ ಹೋದೆವು. ಹಿತ್ತಲಿನ ಬೇವಿನ ಮರಕ್ಕೆ ರೇಣು ಮತ್ತೆ ಹಗ್ಗ ಕಟ್ಟಿಸಿದಳು. ಅವಳ ಅಜ್ಜಿ ರಾಚವ್ವ ಶೇಂಗಾ ಸುಲಿಯುತ್ತ ಕಟ್ಟೆಯ ಮೇಲೆ ಕೂತಿದ್ದರು.

"ಪಂಚಮಿ ಹೋಗಿ ತಿಂಗಳಾತು," ಎಂದರು. "ಕಾಲೇಜಿನ್ಯಾಗ ಹಬ್ಬ ತಡಾ ಮಾಡಿ ಬರತೈತೇನ?"

"ಆಟಕ್ಕಲ್ರಿ ಅಜ್ಜಿ, ಅಳ್ಯಾಕ," ಎಂದಳು ರೇಣು.

"ಹಗ್ಗಾನೋ, ಹುಡುಗ್ಯಾರನ್ನೋ?"

ಮೊದಲು ನಾನೂ ಉಮಾಶ್ರೀಯೂ ಹಲಗೆಯ ಮೇಲೆ ಇಕ್ಕಟ್ಟಾಗಿ ಕೂತೆವು. ರೇಣು ಹಲಗೆಯನ್ನು ಸ್ವಲ್ಪವೇ ಹಿಂದಕ್ಕೆ ಎಳೆದು ಬಿಟ್ಟು, ಮೊಬೈಲಿನಲ್ಲಿ ಹೊತ್ತು ಅಳೆದಳು. ಆಮೇಲೆ ಇಬ್ಬರೂ ಎದುರುಬದುರಾಗಿ ನಿಂತೆವು. ಜೀಕಬೇಡಿ, ಸುಮ್ಮನೆ ನಿಲ್ಲಿ ಎಂದಳು. ಮತ್ತೆ ಮತ್ತೆ ಅಳೆದಳು. ನಿಂತಾಗ ಜೋಕಾಲಿ ಪ್ರತಿ ಸಲವೂ ತುಸು ಬೇಗ ಹೋಗಿ ಬರುತ್ತಿತ್ತು. ಕಾರಣ ಸರಳ. ನಿಂತರೆ ಮೈಭಾರ ಮೇಲಕ್ಕೆ ಹೋಗುತ್ತದೆ. ಆಗ ಹಗ್ಗವನ್ನೇ ಗಿಡ್ಡ ಮಾಡಿದಂತೆ. ಗಿಡ್ಡ ಹಗ್ಗದ ಜೋಕಾಲಿ ಬೇಗ ತೂಗುತ್ತದೆ.

"ಏನಂತೈತಿ ನಿನ್ನ ಮೊಬೈಲು?" ಎಂದರು ರಾಚವ್ವ.

"ನಿಮ್ಮ ಮೊಮ್ಮಗಳಂದದ್ದು ಖರೇ ಅಂತೈತ್ರಿ."

"ಅದನ್ನ ಆಕಿನ್ನ ಕೇಳಿದ್ರ ಆಗತಿತ್ತಲ್ಲ," ಎಂದು ಅವರು ನಮ್ಮ ಕೈಗೆ ಒಂದೊಂದು ಹಿಡಿ ಶೇಂಗಾ ಹಾಕಿದರು. ರೇಣು ಅದನ್ನು ತಿನ್ನದೆ ಬಸ್ ನಿಲ್ದಾಣದವರೆಗೆ ಹಿಡಿದುಕೊಂಡೇ ಬಂದಳು.

ಗುರುನಾಥ ಸರ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕೆಟ್ಟವರಲ್ಲ, ಅವಳಿಗೆ ಒಳ್ಳೆಯದಾಗಲಿ ಎಂಬ ಆಸೆ ಅವರದು.

"ಆ ಒಂದು ಪ್ರಶ್ನಿ ಬಿಟ್ಟಬಿಡು. ಉಳಿದ ಪ್ರಶ್ನಿಗಳ ಮ್ಯಾಲ ಮಾತಾಡಿ ಬಾ."

"ಪ್ರಬಂಧದ ಹೆಸರ ಅದರ ಮ್ಯಾಲ ಐತಲ್ರಿ ಸರ."

"ಹೆಸರು ಯಾರ್ ನೋಡ್ತಾರವ್ವಾ? ಎದ್ದು ನಿಂತು ನಂದು ತಪ್ಪಾಗೇತಿ ಅಂದ್ರ ಅವರು ಯಾಕ ಕೊಡ್ತಾರ ತರಬೇತಿ? ನಿನಗ ಅದು ಬೇಕೋ ಬ್ಯಾಡೋ?"

"ಬೇಕ್ರಿ," ಎಂದಳು ರೇಣು. ಅವರ ಕೈಗಳನ್ನೇ ನೋಡುತ್ತ ಮುಂದುವರಿಸಿದಳು. "ಆದ್ರ ನೇಸರಗಿ ಮಕ್ಕಳಿಗೆ ತಪ್ಪು ಕಲ್ಪನೆ ಐತಿ ಅಂತ ನನ್ನ ಹೆಸರಿನ ಕೆಳಗ ಅಚ್ಚಾಗೇತ್ರಿ."

ಸರ್ ಕನ್ನಡಕ ಹಾಕಿಕೊಂಡರು. "ನಿನಗ ಬಿಟ್ಟದ್ದು," ಎಂದರು.

ಸಮಾವೇಶದ ದಿನ ಬೆಳಿಗ್ಗೆ ಧಾರವಾಡದ ಬಸ್ಸಿನಲ್ಲಿ ಅವಳು ಏನು ನಿರ್ಧರಿಸಿದ್ದಾಳೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಸಭಾಂಗಣದ ಬಾಗಿಲಲ್ಲಿ ಕೊರಳಿಗೆ ಹಾಕಿಕೊಳ್ಳಲು ಹೆಸರಿನ ಚೀಟಿ ಕೊಟ್ಟರು. ಹೆಚ್ಚಿನವರ ಹೆಸರಿನ ಕೆಳಗೆ ಪ್ರಾಧ್ಯಾಪಕ, ಸಂಶೋಧಕ ಎಂದಿತ್ತು. ಅವಳದರಲ್ಲಿ ಇಂಟರ್ನ್ ಎಂದು. ಪುಣೆಯಿಂದ, ಮೈಸೂರಿನಿಂದ ಬಂದವರಿದ್ದರು. ಒಬ್ಬ ಹುಡುಗ ಬಾಟಲಿಯಲ್ಲಿ ಮೋಡ ಮಾಡಿ ತೋರಿಸಿದ. ಇನ್ನೊಬ್ಬರು ಕನ್ನಡಿಯ ಚೂರುಗಳಿಂದ ಗೋಡೆಯ ತುಂಬ ಬಣ್ಣ ಹರಡಿದರು. ರೇಣು ತನ್ನ ಸರದಿ ಮರೆತವಳಂತೆ ಬಾಯಿ ಅರೆತೆರೆದು ನೋಡುತ್ತಿದ್ದಳು. ಆ ಬಣ್ಣಗಳಲ್ಲಿ ಒಂದು ಅವಳ ಹಣೆಯ ಮೇಲೂ ಬಿದ್ದಿತ್ತು.

ಅವಳ ಹೆಸರು ಕರೆದರು. ಪರದೆಯ ಮೇಲೆ ಪ್ರಬಂಧದ ಹೆಸರು ಮೂಡಿತು. ಅವಳು ಅದರ ಕಡೆ ತಿರುಗಿ, "ಈ ಹೆಸರು ತಪ್ಪು," ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಪುಸ್ತಕದ ಚಿತ್ರ, ಝೆರಾಕ್ಸ್‌ನಲ್ಲಿ ಕಪ್ಪಾಗುತ್ತದೆಂದು ಅದನ್ನು ಬಿಟ್ಟದ್ದು, ಉಮಾಶ್ರೀಯ ಮಾತು, ಬೇವಿನ ಮರದಡಿ ಮಾಡಿದ ಅಳತೆ. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಹಿಂದಿನ ಸಾಲಿನವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು.

ಗೋಷ್ಠಿಯ ಅಧ್ಯಕ್ಷತೆ ವಹಿಸಿದ್ದವರು ಬೆಳ್ಳಿಗೂದಲಿನ ಒಬ್ಬ ಪ್ರಾಧ್ಯಾಪಕಿ, ಮೈಸೂರಿನ ಕಡೆಯವರು. ಅವರು ಚಪ್ಪಾಳೆಗೆ ಕಾಯಲಿಲ್ಲ.

"ನೀವು ಅಳೆದದ್ದು ಸಣ್ಣ ತೂಗಾಟ. ಹಬ್ಬದಲ್ಲಿ ಆ ಮಕ್ಕಳು ಎಷ್ಟು ಎತ್ತರ ಹೋಗ್ತಾರೆ?"

"ಮ್ಯಾಲಿನ ಎಲಿ ಕಾಲಿಗೆ ಹತ್ತೂವಷ್ಟು ಹೋಗ್ತಾರ್ರಿ."

"ಅಷ್ಟು ಎತ್ತರ ಹೋದಾಗ ಹೋಗಿ ಬರೋದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತೆ. ನಿಂತದ್ದರಿಂದ ಉಳಿದ ಹೊತ್ತು ಅಲ್ಲೇ ಕಳೆದುಹೋಗಬಹುದು. ಹಾಗಾದ್ರೆ ನಿಮ್ಮ ಮಕ್ಕಳು ಸರಿನೋ ತಪ್ಪೋ?"

ಅವಳು ಯೋಚಿಸಿದಳು.

"ನನಗ ಗೊತ್ತಿಲ್ರಿ ಮೇಡಂ," ಎಂದಳು. "ಅದನ್ನ ಅಳದಿಲ್ಲ. ಅದು ನನಗ ಹೊಳದೂ ಇಲ್ಲ."

ಯಾರೋ ಸಣ್ಣಗೆ ನಕ್ಕರು. ಅವಳು ಅವರ ಕಡೆಗೂ ಒಮ್ಮೆ ನೋಡಿ ಮುಂದುವರಿದಳು.

"ಮಕ್ಕಳು ಸರಿ ಅಂತ ಹೇಳಾಕ ನಾ ನಿಂತಿಲ್ರಿ. ಅವರನ್ನ ಕೇಳದ ಅವರು ತಪ್ಪು ಅಂತ ಅಚ್ಚು ಹಾಕಿಸೇನಿ. ಅದನ್ನ ಹೇಳಾಕ ನಿಂತೇನಿ."

ಪ್ರಾಧ್ಯಾಪಕಿ ಏನನ್ನೋ ಬರೆದುಕೊಂಡು, "ಆಯ್ತು, ಕೂತ್ಕೊಳ್ಳಿ," ಎಂದರು. ಅಷ್ಟೇ. ಮೆಚ್ಚುಗೆಯ ಮಾತಿಲ್ಲ, ಬೈಗುಳವೂ ಇಲ್ಲ. ತರಬೇತಿ ಸಂಜೆ ಹಾಸನದ ಒಬ್ಬ ಹುಡುಗನಿಗೆ ಹೋಯಿತು. ಬಾಟಲಿಯ ಮೋಡ ಅವನದೇ, ಚೆಂದವಾಗಿತ್ತು. ಅವನ ಹೆಸರು ಕರೆದಾಗ ರೇಣು ಚಪ್ಪಾಳೆ ತಟ್ಟಿದಳು. ಅವಳಿಗೆ ನೋವಾಗಲಿಲ್ಲ ಎಂದು ನಾನು ಹೇಳಲಾರೆ. ಬಸ್ಸಿನಲ್ಲಿ ಹೇಳಿದ್ದ ಆ ಒಂದು ಮಾತನ್ನು ಕೇಳಿದವಳು ನಾನೊಬ್ಬಳೇ.

ಆದರೆ ಆ ದಿನದ್ದು ಎಂದರೆ ನನ್ನ ಕಣ್ಣಿಗೆ ಕಟ್ಟಿರುವುದು ಮಧ್ಯಾಹ್ನದ ಊಟದ ಸರತಿ. ನಾವು ತಟ್ಟೆ ಹಿಡಿದು ನಿಂತಿದ್ದೆವು. ಮುಂದೆ ನಿಂತಿದ್ದ ರಾಮದುರ್ಗದ ಒಬ್ಬ ಟೀಚರ್ ತಿರುಗಿ, "ನಮ್ಮ ಕಡೆ ಜೋಕಾಲಿಗೆ ಮೂರು ಮಂದಿನೂ ಹತ್ತತಾರವ್ವಾ. ಇಬ್ರು ನಿಂದರತಾರ, ನಡುವ ಒಬ್ಬಾಕಿ ಕುಂಡರತಾಳ," ಎಂದರು. ರೇಣುವಿನ ಕಣ್ಣುಗಳು ಅರಳಿದವು. ಅಷ್ಟರಲ್ಲಿ ಗುರುನಾಥ ಸರ್ ಅವರ ಫೋನು ಬಂತು. ಗದ್ದಲದಲ್ಲಿ ಕೇಳದೆ ಅವಳು ಸ್ಪೀಕರ್ ಹಾಕಿದಳು.

"ಏನಾತವ್ವಾ?"

"ಹೆಸರ ತಪ್ಪೈತಿ ಅಂತ ಹೇಳಿದ್ನಿ ಸರ."

"ಎಲ್ಲಾರ ಮುಂದ?"

"ಹೌದ್ರಿ."

"ಏನಂದ್ರು?"

"ಒಂದು ಪ್ರಶ್ನಿ ಕೇಳಿದ್ರು. ನನಗ ಉತ್ತರ ಬರಲಿಲ್ಲ."

"ಬರಲಿಲ್ಲಂದ್ರ ಮತ್ತೇನ್ ಹೇಳಿದಿ?"

"ಬರಂಗಿಲ್ಲ ಅಂತ ಹೇಳಿದ್ನಿ."

ಆ ಕಡೆ ಕಾಲೇಜಿನ ಗಂಟೆ ಬಾರಿಸಿದ್ದು ಫೋನಿನಲ್ಲಿ ಕೇಳಿಸಿತು.

"ಊಟಾ ಮಾಡಿದ್ರಿಲ್ಲೋ?" ಎಂದರು. ದನಿ ಮೆತ್ತಗಾಗಿತ್ತು.

"ಪಾಳಿ ಹಚ್ಚೇವ್ರಿ ಸರ."

"ಹೊಟ್ಟಿ ತುಂಬ ಉಣ್ರಿ. ನಾಳಿ ಬಂದ ಮ್ಯಾಲ ಆ ಪ್ರಶ್ನಿ ಏನಂತ ನನಗ ಹೇಳು. ನಾನೂ ನೋಡ್ತೇನಿ."

ರೇಣು ಫೋನನ್ನು ಚೀಲಕ್ಕೆ ಹಾಕಿದಳು. ರಾಮದುರ್ಗದ ಟೀಚರ್ ಕಡೆ ತಿರುಗಿದಳು.

"ಹೇಳ್ರಿ ಟೀಚರ್. ನಡುವ ಕುಂತಾಕಿ ಸುಮ್ಮ ಕುಂಡರತಾಳೋ, ಆಕಿನೂ ಜೀಕತಾಳೋ?"

ಸರತಿ ಮುಂದಕ್ಕೆ ಸರಿಯಿತು. ಅವರಿಬ್ಬರೂ ಸರಿಯಲಿಲ್ಲ.