ಸರ್ಕಾರವೇ ಕೊಡಬೇಕಾದ ಹೊಲ

ಚುನಾವಣೆ ಮುಗಿದ ಮೇಲೆ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ದಿನಾಲೂ ರಾಜ್ಯಭಾರ ನಡೆಯುತ್ತಿತ್ತು. ನಮ್ಮ ಊರು ಹಿರೇಕೆರೂರ ಕಡೆಯದು, ರಾಜ್ಯ ಆಳಬೇಕಾದವರು ಮುಂಬಯಿಯಲ್ಲಿದ್ದರು. ಆದರೆ ಮುಂಬಯಿಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನಮ್ಮ ಮಾವನವರು, ಓಣಿಯ ದರ್ಜಿ ಮತ್ತು ಚಳವಳಿಯಲ್ಲಿ ಜೈಲು ಕಂಡು ಬಂದಿದ್ದ ಒಬ್ಬ ಅಜ್ಜ ಕೂಡಿ ಮುಂಜಾನೆಯ ರೊಟ್ಟಿ ಬಡಿದು ಮುಗಿಯುವುದರೊಳಗೆ ತೀರ್ಮಾನಿಸಿಬಿಡುತ್ತಿದ್ದರು. ಹೆಂಡ-ಶೆರೆಯ ಅಂಗಡಿ ಮುಚ್ಚಬೇಕು, ಸಾಲೆ ತೆಗೆಯಬೇಕು, ಮಾಮಲೇದಾರನನ್ನು ವರ್ಗ ಮಾಡಬೇಕು. ಮಾಮಲೇದಾರನ ವರ್ಗ ದಿನಕ್ಕೊಮ್ಮೆ ಆಗುತ್ತಿತ್ತು. ಆತ ಮಾತ್ರ ಅಲ್ಲೇ ಇದ್ದ.

ಈ ಮೂವರಲ್ಲಿ ಯಾರಿಗೂ ಓಟು ಇರಲಿಲ್ಲ. ಆಗ ಓಟು ಇದ್ದದ್ದು ಕಂದಾಯದ ಹೊಲ ಇದ್ದವರಿಗೆ, ದೊಡ್ಡ ಪರೀಕ್ಷೆ ಪಾಸಾದವರಿಗೆ. ಕರಬಂದಿ ಚಳವಳಿಯಲ್ಲಿ ಕಂದಾಯ ಕಟ್ಟುವುದಿಲ್ಲ ಎಂದು ನಿಂತದ್ದರಿಂದ ಮಾವನವರ ಹೊಲ ಜಪ್ತಾಗಿ ಲಿಲಾವಿಗೆ, ಅಂದರೆ ಹರಾಜಿಗೆ, ಹೋಗಿತ್ತು. ಹೊಲದ ಹಿಂದೆ ಓಟೂ ಹೋಯಿತು. ಅಜ್ಜನ ಕತೆಯೂ ಅದೇ. ದರ್ಜಿಗೆ ಮೊದಲಿಂದಲೂ ಹೊಲವಿರಲಿಲ್ಲ, ಆದರೆ ಪತ್ರಿಕೆ ಓದಲು ಬರುತ್ತಿತ್ತು. ಓಟು ಹಾಕದಿದ್ದರೂ ಗೆದ್ದವರು ನಾವೇ ಎಂಬುದರಲ್ಲಿ ಮೂವರಿಗೂ ಅನುಮಾನ ಇರಲಿಲ್ಲ.

ನನ್ನ ತವರು ಸವಣೂರು. ಅಲ್ಲಿ ನವಾಬರ ಆಡಳಿತ, ಮುಂಬಯಿಯ ಚುನಾವಣೆಗೂ ನಮಗೂ ಸಂಬಂಧವಿಲ್ಲ. ಅಪ್ಪನದು ವೀಳ್ಯದೆಲೆಯ ತೋಟ. ಈ ಕಡೆ ಬರುವವರ ಕೈಯಲ್ಲಿ ಒದ್ದೆ ಅರಿವೆಯಲ್ಲಿ ಸುತ್ತಿದ ಎಲೆ ಕಳಿಸುತ್ತಿದ್ದ. ಕಟ್ಟೆಯ ರಾಜ್ಯಭಾರವೆಲ್ಲ ನಡೆಯುತ್ತಿದ್ದದ್ದು ಈ ಎಲೆಯ ಮೇಲೆ. ಬಾಯಿ ತುಂಬ ನನ್ನ ಅಪ್ಪನ ಎಲೆ ಇಟ್ಟುಕೊಂಡೇ ದರ್ಜಿ ನನ್ನನ್ನು ಕಾಡುತ್ತಿದ್ದ.

“ನಿಮ್ಮ ಊರಾಗ ಓಟಿಲ್ಲ, ಏನಿಲ್ಲ. ನಿನಗ ಇದೆಲ್ಲ ಹೆಂಗ ತಿಳೀಬೇಕವ್ವಾ?”

“ನಿಮಗರ ಎಲ್ಲೈತ್ರಿ?” ಎಂದು ನಾನು ಒಳಗಿನಿಂದಲೇ ಕೇಳುತ್ತಿದ್ದೆ. ಮಾವನವರು ಕೆಮ್ಮುತ್ತಿದ್ದರು. ಸೊಸೆ ಬಾಯಿ ಮುಚ್ಚಬೇಕು ಎಂಬುದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು.

ಅತ್ತೆ ಇದ್ಯಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ. ಅವರಿಗೆ ಈ ಸರ್ಕಾರದಿಂದ ಒಂದೇ ಒಂದು ಆಗಬೇಕಿತ್ತು. ತವರಿಗೆ ಹೋಗಬೇಕಿತ್ತು.

ಅದನ್ನು ಬಿಡಿಸಿ ಹೇಳಬೇಕು. ಚಳವಳಿಯ ವರ್ಷ ಜಪ್ತಿ ಶುರುವಾದಾಗ ಊರವರೆಲ್ಲ ದ್ಯಾಮವ್ವನ ಗುಡಿಯಲ್ಲಿ ಭಂಡಾರದ ಅರಿಷಿಣ ಮುಟ್ಟಿ ಆಣೆ ಮಾಡಿದ್ದರು. ಜಪ್ತಾದ ಹೊಲವನ್ನು ಲಿಲಾವಿನಲ್ಲಿ ಹಿಡಿದವರು ಯಾರೇ ಇರಲಿ, ಅವರ ಮನೆಯ ನೀರು ಕುಡಿಯುವುದಿಲ್ಲ, ಅವರಿಗೆ ನೀರು ಕೊಡುವುದಿಲ್ಲ. ಸರ್ಕಾರ ಹೊಲ ತಿರುಗಿ ಕೊಡುವತನಕ ಈ ಆಣೆ. ಹೆಂಗಸರ ಪೈಕಿ ಮೊದಲು ಮುಂದೆ ಹೋಗಿ ಭಂಡಾರ ಮುಟ್ಟಿದವರು ನಮ್ಮ ಅತ್ತೆ. ನಾನು ಆಗಷ್ಟೇ ಮದುವೆಯಾಗಿ ಬಂದಿದ್ದೆ, ಅವರ ಹಿಂದೆಯೇ ನಿಂತಿದ್ದೆ. ಇಂಥ ಗಟ್ಟಿ ಹೆಂಗಸಿನ ಕೈಕೆಳಗೆ ಹೆಂಗಪ್ಪಾ ಬಾಳುವೆ ಮಾಡುವುದು ಎಂದು ನನಗೆ ಹೆದರಿಕೆಯಾಗಿತ್ತು.

ಲಿಲಾವಿನಲ್ಲಿ ಊರವರು ಯಾರೂ ಬಾಯಿ ತೆಗೆಯಲಿಲ್ಲ. ಯಾವನೋ ದೂರದ ವ್ಯಾಪಾರಿ ಎಲ್ಲಾ ಹೊಲವನ್ನೂ ಒಟ್ಟಿಗೆ ಹಿಡಿಯುತ್ತಾನೆ ಎಂಬ ಸುದ್ದಿ ಇತ್ತು. ಆ ಸುದ್ದಿ ಅತ್ತೆಯ ತಮ್ಮನಿಗೂ ಮುಟ್ಟಿತು. ಆತ ಹಾನಗಲ್ಲ ಸೀಮೆಯ ಒಕ್ಕಲಿಗ, ಭತ್ತ ಬೆಳೆಯುವವ, ಹೆಚ್ಚು ಮಾತಿನವನಲ್ಲ. ಅಕ್ಕನ ಹೊಲ ಪರರ ಪಾಲಾಗುತ್ತದೆ ಎಂದು ಓಡಿಬಂದು ತಾನೇ ಹಿಡಿದುಬಿಟ್ಟ. ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದ. ಮುಖದ ತುಂಬ ಸಂತೋಷವಿತ್ತು.

“ಅಕ್ಕಾ, ಹೊಲ ಉಳಿಸೇನಿ. ಮನ್ಯಾಗ ಉಳೀತು.”

ಅತ್ತೆ ಆತನ ಕಾಲಿಗೆ ಕೊಡಲು ನೀರಿನ ತಂಬಿಗೆ ಹಿಡಿದು ಹೊರಗೆ ಬಂದಿದ್ದರು.  ಅಷ್ಟು ಕೇಳಿ ತಿರುಗಿ ಹೋಗಿ ಆ ನೀರನ್ನು ಎಮ್ಮೆಯ ಬಾನಿಗೆ ಸುರುವಿದರು. ಆತ ಬಿಸಿಲಲ್ಲಿ ನಡೆದು ಬಂದವನು. ನೀರು ಕುಡಿಯದೆ ತಿರುಗಿ ಹೋದ.

ಆಣೆ ಮಾಡುವಾಗ ಅದರೊಳಗೆ ಒಡಹುಟ್ಟಿದವನೂ ಬರಬಹುದು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಆದ ಮೇಲೆ ಅದನ್ನು ಬಿಡಿಸುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಅತ್ತೆಯ ತಮ್ಮ ಬರುವುದನ್ನು ಬಿಡಲಿಲ್ಲ. ಊರ ಹೊರಗಿನ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ನೀರಿಗೆ ಹೋದ ಯಾರಾದರೂ ಹೆಂಗಸಿನ ಕೈಯಲ್ಲಿ ಹೇಳಿ ಕಳಿಸುತ್ತಿದ್ದ. ಅತ್ತೆ ಹೋಗುತ್ತಿರಲಿಲ್ಲ. ಹೊತ್ತು ಇಳಿಯುವತನಕ ಕಾದು ಬರಿ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ. ಆ ದಿನ ನಮ್ಮ ಮನೆಯಲ್ಲಿ ಯಾರೂ ಪಂಚಮಿ ಉಂಡಿಯ ರುಚಿಯ ಬಗ್ಗೆ ಮಾತಾಡುತ್ತಿರಲಿಲ್ಲ.

ಹೀಗಿರುವಾಗ ಚುನಾವಣೆಯಾಯಿತು, ಖಾದಿಯವರು ಗೆದ್ದರು, ಮುಂಬಯಿಯಲ್ಲಿ ಸರ್ಕಾರ ಮಾಡಿದರು. ಅತ್ತೆಯ ತಮ್ಮನಿಗೆ ಓಟು ಇತ್ತು. ಆತ ಹಾಕಿದ್ದೂ ನಮ್ಮ ಕಡೆಯವರಿಗೇ. ನಮ್ಮ ಮನೆಗೆ ಸಂಬಂಧಪಟ್ಟಂತೆ ಬಿದ್ದ ಓಟು ಅದೊಂದೇ.

ಸರ್ಕಾರ ಆದ ಸುದ್ದಿ ಕೇಳಿದವನೇ ಆತ ಈ ಸಲ ಊರೊಳಗೇ ಗಾಡಿ ಹೊಡೆದುಕೊಂಡು ಬಂದ. ಕಟ್ಟೆಯ ಮೇಲೆ ಹತ್ತಲಿಲ್ಲ. ನೊಗದ ಹತ್ತಿರ ನಿಂತೇ ಹೇಳಿದ.

“ಸರ್ಕಾರ ನಮ್ಮದ ಬಂತು. ಇನ್ನೇನು ಅಡ್ಡಿ? ನಡೀರಿ, ಕಚೇರಿಗೆ ಹೋಗೂಣು. ಹೊಲ ನಿಮ್ಮ ಹೆಸರಿಗೆ ಮಾಡಿ ಕೊಡ್ತೇನಿ.”

ಒಳಗೆ ಒಲೆಯ ಮುಂದೆ ಅತ್ತೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದರೂ ಅವರು ತಿರುವಲಿಲ್ಲ. ನಾನೂ ತಿರುವಲಿಲ್ಲ.

ಹೊರಗೆ ಎಲೆಯ ತಟ್ಟೆ ಒಂದು ಸುತ್ತು ಹೋಯಿತು. ಜೈಲಿಗೆ ಹೋಗಿಬಂದ ಅಜ್ಜನ ಮಾತೇ ಕಟ್ಟೆಯ ಮೇಲೆ ಕಡೆಯ ಮಾತು. ಆತ ಸಾವಕಾಶ ಸುಣ್ಣ ಹಚ್ಚಿದ.

“ಹೊಲ ಕಸಗೊಂಡಾವ್ರು ಯಾರು? ಸರ್ಕಾರದವ್ರು. ಕೊಡಬೇಕಾದಾವ್ರೂ ಅವರ. ನೀ ಯಾಕ ನಡುವ?”

“ನನ್ನ ಕಡೆ ಐತಲ್ರಿ ಅಜ್ಜಾರ ಹೊಲ,” ಎಂದ ಅತ್ತೆಯ ತಮ್ಮ.

“ನೀ ಕೊಟ್ರ ಅಕ್ಕಗ ಉಡಿ ತುಂಬಿದಂಗ ಆಕ್ಕೈತಿ,” ಎಂದ ದರ್ಜಿ. “ಗೆದ್ದಂಗ ಆಗೂದಿಲ್ಲ. ನಾಳೆ ಮಂದಿ ಏನಂತಾರ? ಮೈದುನನ ಕಡಿಂದ ಇಸಗೊಂಡ್ರು ಅಂತಾರ.”

“ಇಸಗೊಂಡ್ರ ಏನಾತು?”

ದರ್ಜಿ ಎಲೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಮಾವನವರು ಹೊಲ ಕಳಕೊಂಡು ಬೇರೆಯವರ ಹೊಲ ಪಾಲಿಗೆ ಮಾಡುತ್ತಿದ್ದರು. ಅವರ ಮುಖ ನೋಡಿದರೆ ಎದ್ದು ಗಾಡಿ ಹತ್ತಿಬಿಡುತ್ತಾರೆ ಅನಿಸುವಂತಿತ್ತು. ಹತ್ತಲಿಲ್ಲ. “ಕಾಯ್ದು ನೋಡೂಣು,” ಎಂದರು. ಅಷ್ಟಕ್ಕೆ ಮುಗಿಯಿತು. ಅಜ್ಜ ಮತ್ತೆ ಮಾಮಲೇದಾರನ ವರ್ಗಾವಣೆಗೆ ಬಂದ.

ನನಗೆ ಬಹಳ ಸಿಟ್ಟು ಬಂತು. ಆಣೆಯಲ್ಲಿ ಸರ್ಕಾರ ಕೊಡಬೇಕು ಎಂಬ ಮಾತು ಇದ್ದದ್ದು ಖರೆ. ಆದರೆ ಆ ಮಾತು ಹೇಳುವಾಗ ಮತ್ತೆ ಯಾರೂ ಕೊಡುವವರಿಲ್ಲ ಎಂದು ಹೇಳಿದ್ದೇ ಹೊರತು, ಕೊಡುವವನು ಬಾಗಿಲಿಗೆ ಬಂದರೆ ತಿರುಗಿ ಕಳಿಸಬೇಕು ಎಂದಲ್ಲ. ಇದನ್ನು ಅತ್ತೆಗೆ ಹೇಳಿದೆ.

“ನೀವರ ಒಂದ ಮಾತು ಹೇಳ್ರಿ ಅತ್ತೀ. ಹೊಲ ಬ್ಯಾಡಂದ್ರ ಬ್ಯಾಡ, ತಮ್ಮ ಬೇಕಲ್ರಿ ನಿಮಗ?”

“ನನ್ನ ಯಾರು ಕೇಳ್ಯಾರ?” ಎಂದರು. ಹೊತ್ತಿದ ರೊಟ್ಟಿಯನ್ನು ತಾವೇ ತಿಂದರು.

ಸರ್ಕಾರದ ಹುಕುಂ ಬರಲು ಬಹಳ ದಿನ ಹಿಡಿಯಿತು. ಅಲ್ಲಿಯತನಕ ಕಟ್ಟೆಗೆ ಒಳ್ಳೆಯ ಕೆಲಸವಾಯಿತು. ಕಾಯಿದೆ ಹೇಗೆ ಬರೆಯಬೇಕು, ಹಿಡಿದವರಿಗೆ ಪರಿಹಾರ ಕೊಡಬೇಕೋ ಬೇಡವೋ, ಹೊಲದಾಗಿನ ಬೆಳೆ ಯಾರದು, ಗಿಡ ಯಾರದು, ಎಲ್ಲ ಚರ್ಚೆಯಾಯಿತು. ಶಿಗ್ಗಾವಿ ಸಂತೆಗೆ ಹೋಗಿಬಂದ ದರ್ಜಿ ಅಲ್ಲಿಯವರು ಬೇರೆ ಥರ ಹೇಳುತ್ತಾರೆ ಎಂದು ಸುದ್ದಿ ತಂದಾಗ ಎರಡು ದಿನ ಯಾರಿಗೂ ನಿದ್ದೆ ಬರಲಿಲ್ಲ. ಮಾವನವರು ನಡುನಡುವೆ ಒಬ್ಬರೇ ಹೋಗಿ ದೂರದಿಂದ ಹೊಲ ನೋಡಿ ಬರುತ್ತಿದ್ದರು. “ಬದು ಚಲೋ ಹಾಕ್ಯಾನ,” ಎಂದು ಯಾರಿಗೂ ಅಲ್ಲದಂತೆ ಹೇಳುತ್ತಿದ್ದರು. ಪಂಚಮಿ ಬಂದಾಗ ಹುಣಸೆಮರದ ಕೆಳಗೆ ಗಾಡಿ ಬಂದು ನಿಂತಿತು. ಅತ್ತೆ ನನ್ನನ್ನೇ ಕಳಿಸಿದರು.

“ಹೊಲ ಬರಲಿ ಅಂತ ಹೇಳು.”

ನಾನು ಹೋಗಿ ಹೇಳಿದೆ. ಆತ ಎತ್ತಿನ ಮೈ ತಿಕ್ಕುತ್ತ ನಿಂತಿದ್ದ. “ನಾ ಕೊಡತೇನಂದ್ರ ಬರವಲ್ದು, ತಾಯೀ,” ಎಂದ.  ತಲೆ ತಗ್ಗಿಸಿಕೊಂಡು ಬಂದೆ.

ಕಡೆಗೂ ಹುಕುಂ ಬಂತು. ಸರ್ಕಾರ ಹೊಲ ಹಿಡಿದವರಿಂದ ಹೊಲ ಬಿಡಿಸಿಕೊಂಡು, ಅವರಿಗೆ ಪರಿಹಾರ ಕೊಟ್ಟು, ಮೊದಲಿನವರಿಗೆ ಕೊಟ್ಟಿತು. ಕಟ್ಟೆಯವರು ಹೇಳಿದ ಹಾಗೇ ಆಯಿತು. ಹಲಗೆ ಬಾರಿಸುತ್ತ ಹೊಲಕ್ಕೆ ಹೋದರು, ಅಜ್ಜ ಒಂದು ಹಿಡಿ ಮಣ್ಣು ತೆಗೆದು ಮಾವನವರ ಕೈಯಲ್ಲಿ ಹಾಕಿದ, ಮಾವನವರು ಎಲ್ಲರ ಮುಂದೆ ಅತ್ತರು. ನನಗೂ ಅಳು ಬಂತು. ನ್ಯಾಯವಾಗಿ ಸಂತೋಷಪಡುವ ದಿನ ಅದು.

ಆದರೆ ಅದಕ್ಕೆ ಮುಂಚೆ ಕಚೇರಿಯಲ್ಲಿ ಒಂದು ನಡೆದಿತ್ತು. ಹೊಲ ಹಿಡಿದವರನ್ನೆಲ್ಲ ಕರೆಸಿ ಸಾಲಾಗಿ ನಿಲ್ಲಿಸಿದ್ದರು. ಆ ಸಾಲಿನಲ್ಲಿ ಆ ದೂರದ ವ್ಯಾಪಾರಿಯೂ ಇದ್ದ, ಅತ್ತೆಯ ತಮ್ಮನೂ ಇದ್ದ. ನೋಡಲು ಬಂದ ಮಂದಿ ಇಬ್ಬರನ್ನೂ ಒಂದೇ ಬಗೆಯಲ್ಲಿ ನೋಡಿತು. ಸಹಿ ಮಾಡಿ ಹೊರಗೆ ಬಂದ ಅತ್ತೆಯ ತಮ್ಮನಿಗೆ ದರ್ಜಿ ಸಮಾಧಾನದ ಮಾತು ಎಂದುಕೊಂಡು, “ನಿನಗೂ ಲುಕ್ಸಾನ ಆಗಲಿಲ್ಲ ಬಿಡು,” ಎಂದನಂತೆ. ಆತ ದರ್ಜಿಯ ಮುಖ ನೋಡಿದನಂತೆ.  ಇದನ್ನು ಹೇಳಿದವನು ದರ್ಜಿಯೇ. ತನ್ನ ಮಾತು ಎಲ್ಲಿ ನಾಟಿತು ಎಂಬುದು ಆತನಿಗೆ ಇನ್ನೂ ತಿಳಿದಿರಲಿಲ್ಲ.

ಮುಂದಿನ ಪಂಚಮಿಗೆ ಅತ್ತೆ ಮುಂಜಾನೆಯೇ ಇಳಕಲ್ಲ ಸೀರೆ ಉಟ್ಟು, ತಮ್ಮನ ಮಕ್ಕಳಿಗೆಂದು ಉಂಡಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕುಂತರು. ಆಣೆ ತೀರಿತ್ತು, ಯಾರ ಅಡ್ಡಿಯೂ ಇರಲಿಲ್ಲ. ಓಣಿಯಲ್ಲಿ ಗಾಡಿಯ ಸದ್ದು ಬಂದಾಗೊಮ್ಮೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಬೇರೆ ಮನೆಗಳ ಹೆಣ್ಣುಮಕ್ಕಳು ಹೋದರು. ನಮ್ಮ ಮನೆಗೆ ಯಾರೂ ಬರಲಿಲ್ಲ. ಕಟ್ಟೆಯ ಮೇಲೆ ಅದೂ ಚರ್ಚೆಗೆ ಬಂತು. ಹೊಲ ಹೋದ ಹೊಟ್ಟೆಕಿಚ್ಚು ಇರಬೇಕು ಎಂದ ದರ್ಜಿ. ಮಾವನವರು ಆ ದಿನ ಮೊದಲನೆಯ ಸಲ ದರ್ಜಿಗೆ, “ಬಾಯಿ ಮುಚ್ಚೋ,” ಎಂದರು.

ಮರುದಿನ ಅತ್ತೆ ಅದೇ ಸೀರೆಯಲ್ಲಿ ಹೊರಗೆ ಬಂದು, “ಗಾಡಿ ಹೂಡ್ರಿ,” ಎಂದರು.

“ಕರ್ಯಾಕ ಯಾರೂ ಬಂದಿಲ್ಲಲ್ಲ?” ಎಂದರು ಮಾವ. ಕರೆಯದೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

“ಅಷ್ಟು ವರ್ಷ ಬಂದು ಕರದಾನಲ್ರಿ. ಅದಕ್ಕ ಈಗ ಹೊಂಟೇನಿ.”

ಜೊತೆಗೆ ನನ್ನನ್ನು ಕರೆದುಕೊಂಡರು.  ಕರಿಮಣ್ಣು ಮುಗಿದು ಭತ್ತದ ಗದ್ದೆಗಳು ಶುರುವಾದಾಗ, “ಇದು ನಮ್ಮ ಸೀಮಿ,” ಎಂದರು. ಆ ಮಾತಿನಲ್ಲಿ ಅವರು ನನಗಿಂತ ಸಣ್ಣವರಾಗಿದ್ದರು.

ಆತ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕುಂತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಕೈಯಲ್ಲಿನ ಹಗ್ಗ ಬಿಡಲಿಲ್ಲ. ಅತ್ತೆ ಗಾಡಿಯಿಂದ ಇಳಿದು ಅಲ್ಲೇ ನಿಂತರು.

“ಯಾಕ ಬರಲಿಲ್ಲ?” ಎಂದು ಕೇಳಿದರು.

“ಹೊಲ ನಿನಗ ಕೊಡಬೇಕಂತ ಕಾಯ್ದು ಇಟ್ಟಿದ್ನಿ, ಅಕ್ಕಾ. ಅವರು ನನ್ನ ಕಡಿಂದ ಬಿಡಿಸ್ಕೊಂಡ್ರು. ಆ ಸಾಲಿನ್ಯಾಗ ನನ್ನೂ ನಿಂದರಿಸಿದ್ರು.” ಆತನ ಧ್ವನಿ ಏರಲಿಲ್ಲ. “ಇನ್ನ ನಾ ಏನಂದ್ರೂ ಮಂದಿಗೆ ನಾ ಹೊಲ ನುಂಗಾಕ ಹೋದಾವನ.”

ಅದು ಸುಳ್ಳು ಎಂದು ಹೇಳುವಂತಿರಲಿಲ್ಲ. 

“ಅವತ್ತ ನೀ ನೊಗದ ಹಂತ್ಯಾಕ ನಿಂತು ಕೊಡತೇನಂದಾಗ ನಾ ಒಳಗಿದ್ನಿ,” ಎಂದರು ಅತ್ತೆ. “ಎಲ್ಲಾ ಕೇಳಿದ್ನಿ. ನನ್ನ ಯಾರೂ ಕೇಳಲಿಲ್ಲ ಅಂತ ಸುಮ್ಮನ ಕುಂತ್ನಿ. ಕೇಳದಿದ್ರೂ ಹೊರಗ ಬಂದು ಹೇಳಬೇಕಿತ್ತು.”

 ಎತ್ತುಗಳು ನೊಗದಲ್ಲೇ ಇದ್ದವು, ಯಾರೂ ಕೊರಳಪಟ್ಟಿ ಬಿಚ್ಚಿರಲಿಲ್ಲ. ಕಡೆಗೆ ಆತ ಹಗ್ಗ ಕೆಳಗಿಟ್ಟು ಎತ್ತು ಬಿಚ್ಚಿದ. ಅತ್ತೆ ಒಳಗೆ ಹೋದರು. ಊಟಕ್ಕೆ ಕುಂತಾಗ ಆತನೇ ಬಡಿಸಿದ, ಆದರೆ ನಮ್ಮ ಜೊತೆ ಉಣ್ಣಲು ಕೂಡಲಿಲ್ಲ. ಅತ್ತೆ ಒತ್ತಾಯಿಸಲಿಲ್ಲ. ಊಟದ ಎಲೆಯ ಮೇಲೆ ಅವರ ಕಣ್ಣೀರು ಬೀಳುತ್ತಿತ್ತು, ಅದರಲ್ಲೇ ಉಂಡರು.

ಹೊರಡುವಾಗ, “ಬರೂ ವರ್ಷ ಕರ್ಯಾಕ ಬರ್ತೀಯಿಲ್ಲೋ?” ಎಂದು ಕೇಳಿದರು.

ಆತ ಎತ್ತಿನ ಕೊರಳಿಗೆ ಪಟ್ಟಿ ಕಟ್ಟುತ್ತಿದ್ದ. “ಬರ್ತೇನಿ. ಆ ಕಟ್ಟಿ ಮುಂದ ಬರೂದಿಲ್ಲ. ಹಿತ್ತಲ ಬಾಗಲಕ ಬರ್ತೇನಿ, ನೀ ಅಲ್ಲೇ ಬಂದು ಹತ್ತು.”

ಹಾಗೇ ಬಂದ. ಮುಂದೆ ಬದುಕಿರುವತನಕ ಪ್ರತಿ ಪಂಚಮಿಗೂ ಗೊಬ್ಬರದ ತಿಪ್ಪೆಯ ಪಕ್ಕದ ಇಕ್ಕಟ್ಟಿನ ದಾರಿಯಲ್ಲಿ ಗಾಡಿ ತರುತ್ತಿದ್ದ. ಅತ್ತೆ ಇಳಕಲ್ಲ ಸೀರೆಯ ಅಂಚು ಎತ್ತಿ ಹಿಡಿದು ದನದ ಕೊಟ್ಟಿಗೆ ದಾಟಿ ಹೋಗಿ ಹತ್ತುತ್ತಿದ್ದರು. ಮುಂದಿನ ಕಟ್ಟೆಯ ಮೇಲೆ ಆಗ ಯುದ್ಧದ ಮಾತು ನಡೆದಿರುತ್ತಿತ್ತು.